ಸುಂಕದ ಗದ್ದಲದಲ್ಲಿ ಬಾಗಿಲು-ಕಿಟಕಿಗೆ ಯಾವ ಕಟ್ಟಿಗೆ? ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುವವರಿಗೊಂದು ಹೋಲಿಕೆ

ಹುಬ್ಬಳ್ಳಿ-ಧಾರವಾಡದ ಕಡೆ ಈಗ ಮನೆ ಕಟ್ಟಿಸುತ್ತಿರುವವರು ಒಂದೇ ಥರದ ಪ್ರಶ್ನೆ ಕೇಳುತ್ತಿದ್ದಾರೆ. ಪಾಯಾ ಮುಗಿದಿದೆ, ಗೋಡೆ ಏಳುತ್ತಿದೆ, ಇನ್ನೇನು ಚೌಕಟ್ಟು ನಿಲ್ಲಿಸಬೇಕು. ಕಟ್ಟಿಗೆ ಅಂಗಡಿಗೆ ಹೋದರೆ ಮಾತು ಅಮೆರಿಕದ ಸುಂಕದಿಂದಲೇ ಶುರುವಾಗುತ್ತದೆ. "ಸರ, ಈಗ ತಗೊಂಡ್ರ ಈ ರೇಟು. ಮುಂದಿನ ವಾರದ್ದು ನನ್ನ ಕೈಯಾಗಿಲ್ಲ." ಮನೆಗೆ ಬಂದರೆ ಹಿರಿಯರು ಸಾಗವಾನಿ ಬಿಟ್ಟು ಬೇರೆ ಮಾತೇ ಬೇಡ ಅನ್ನುತ್ತಾರೆ. ಗೌಂಡಿ ಗ್ರಾನೈಟ್ ಹಾಕಿಬಿಡಿ ಅನ್ನುತ್ತಾನೆ. ಪಕ್ಕದ ಸೈಟಿನವರು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಹಾಕಿಸಿದ್ದಾರೆ. ಯಾವುದನ್ನು ನಂಬುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸುಂಕದ ಸುದ್ದಿ ನೋಡಿ ಕಟ್ಟಿಗೆಯ ಜಾತಿ ಆರಿಸಬೇಡಿ. ಮಳೆ ಯಾವ ಗೋಡೆಗೆ ಹೊಡೆಯುತ್ತದೆ, ಗೆದ್ದಲು ಇದೆಯಾ, ನಿಮ್ಮ ನೆಲ ಎರೆಯಾ ಮಸಾರಿಯಾ, ಇದನ್ನು ನೋಡಿ ಆರಿಸಿ. ಸುಂಕ, ಡಾಲರು, ಹಡಗಿನ ಬಾಡಿಗೆ ಇವೆಲ್ಲ ಉಪಯೋಗಕ್ಕೆ ಬರುವುದು ಯಾವಾಗ ಕೊಳ್ಳಬೇಕು ಅನ್ನುವುದಕ್ಕೆ ಮಾತ್ರ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕಲಸಿಕೊಂಡವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಯಾವುದರ ಮೇಲೆ ತೂಗಬೇಕು

ಮೊದಲನೆಯದು ನೀರು. ಧಾರವಾಡ, ಕಲಘಟಗಿ, ಅಳ್ನಾವರದ ಕಡೆ ಮುಂಗಾರು ಪಡುವಣದಿಂದ ಗಾಳಿ ಕಟ್ಟಿಕೊಂಡೇ ಬರುತ್ತದೆ. ಪಶ್ಚಿಮದ ಗೋಡೆಯ ಕಿಟಕಿ ಮಳೆಗಾಲ ಪೂರ್ತಿ ಒದ್ದೆ. ನವಲಗುಂದ, ಗದಗದ ಕಡೆ ಮಳೆ ಕಡಿಮೆ, ಆದರೆ ಬೇಸಿಗೆಯ ಒಣ ಬಿಸಿಲು ಕಟ್ಟಿಗೆಯನ್ನು ಸೀಳಿಬಿಡುತ್ತದೆ. ಒಂದೇ ಮನೆಯೊಳಗೂ ಹೀಗೇ. ಬಚ್ಚಲ ಬಾಗಿಲಿನ ಕೆಳಗಿನ ಅರ್ಧ ಅಡಿ ದಿನಾ ನೀರು ಕುಡಿಯುತ್ತದೆ. ದೇವರ ಕೋಣೆಯ ಬಾಗಿಲಿಗೆ ನೀರೇ ಗೊತ್ತಿಲ್ಲ. ಹೀಗಿರುವಾಗ ಇಡೀ ಮನೆಗೆ ಒಂದೇ ಮಾಲು ಹಾಕಬೇಕು ಅನ್ನುವ ಹಟ ಯಾಕೆ?

ಎರಡನೆಯದು ನೆಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯಾ ಎಷ್ಟೇ ಚೆನ್ನಾಗಿ ಹಾಕಿದರೂ ಒಂದೆರಡು ವರ್ಷ ಗೋಡೆ ಚೂರು ಆಡುವುದುಂಟು. ಆಗ ಬಾಗಿಲು ಹಿಡಿಯುತ್ತದೆ. ಕಟ್ಟಿಗೆ ಬಾಗಿಲಾದರೆ ಬಡಿಗೇರರು ಬಂದು ಅಂಚಿಗೆ ರಂದಾ ಹೊಡೆದು ಸರಿ ಮಾಡಿ ಹೋಗುತ್ತಾರೆ. ಕಲ್ಲಿನ ಚೌಕಟ್ಟು ಓರೆಯಾದರೆ ಅದನ್ನು ತಿದ್ದಲು ಬರುವುದಿಲ್ಲ, ಬಾಗಿಲನ್ನೇ ಕೊಯ್ಯಬೇಕು. ನವಲಗುಂದದ ಕಡೆಯವರು ಇದನ್ನು ಗಂಭೀರವಾಗಿ ನೋಡಬೇಕು.

ಮೂರನೆಯದು ಗೆದ್ದಲು. ಪಾಯಾ ತುಂಬುವಾಗಲೇ ಮಣ್ಣಿಗೆ ಗೆದ್ದಲು ಔಷಧಿ ಹೊಡೆಸಿದ್ದರೆ ನಿಮಗೆ ಆಯ್ಕೆ ಜಾಸ್ತಿ. ಹೊಡೆಸಿಲ್ಲದಿದ್ದರೆ ಅಗ್ಗದ ಕಟ್ಟಿಗೆ ನಿಮಗೆ ಅಗ್ಗವಲ್ಲ.

ನಾಲ್ಕನೆಯದು, ಆ ಮಾಲಿನ ಬೆಲೆ ಯಾರ ಕೈಯಲ್ಲಿದೆ ಅನ್ನುವುದು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಸುಂಕ ನಮ್ಮ ಮನೆಗೆ ಎಲ್ಲಿ ತಟ್ಟುತ್ತದೆ

2025ರ ಅಕ್ಟೋಬರ್ 14ರಿಂದ ಅಮೆರಿಕ ಹೊರದೇಶದ ಮೆದು ಕಟ್ಟಿಗೆಗೆ, ಅಂದರೆ ಪೈನ್, ಸ್ಪ್ರೂಸ್ ಜಾತಿಯವುಗಳಿಗೆ, 10% ಸುಂಕ ಹಾಕಿತು. ಅಡುಗೆಮನೆಯ ಕಬಾಟು, ಗಾದಿ ಹಾಕಿದ ಪೀಠೋಪಕರಣಗಳಿಗೆ 25%. ಅದಕ್ಕೂ ಮೊದಲು, ಜೂನ್ 4ರಿಂದ, ಉಕ್ಕು ಮತ್ತು ಅಲ್ಯೂಮಿನಿಯಂ ಮೇಲಿನ ಸುಂಕ 50% ಆಗಿತ್ತು. ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಒಟ್ಟು 50% ಬಿತ್ತು. ಆಮೇಲೂ ದರಗಳು ಏರುವುದು, ಇಳಿಯುವುದು, ಮುಂದೂಡುವುದು ನಡೆದೇ ಇದೆ.

ಇಷ್ಟೆಲ್ಲ ಕೇಳಿದರೆ ಗಾಬರಿಯಾಗುವುದು ಸಹಜ. ಆದರೆ ಗಮನಿಸಿ, ಇವೆಲ್ಲ ಅಮೆರಿಕದೊಳಗೆ ಹೋಗುವ ಸರಕಿನ ಮೇಲಿನ ತೆರಿಗೆ. ನಮ್ಮ ಬಂದರಿಗೆ ಬರುವ ಕಟ್ಟಿಗೆಯ ಮೇಲಲ್ಲ. ಆಫ್ರಿಕಾದಿಂದ ಬರುವ ಸಾಗವಾನಿ ದಿಮ್ಮಿಗೆ ಅಮೆರಿಕದ ಸುಂಕ ಒಂದು ಪೈಸೆಯೂ ಸೇರುವುದಿಲ್ಲ. ಹಾಗಾಗಿ "ಟ್ರಂಪ್ ಟ್ಯಾಕ್ಸ್ ಬಂತು, ಅದಕ್ಕೇ ರೇಟು ಏರಿತು" ಅಂತ ಯಾರಾದರೂ ನೇರವಾಗಿ ಹೇಳಿದರೆ ಆ ಮಾತು ಒಪ್ಪಬೇಡಿ.

ಸುಂಕ ನಮಗೆ ತಟ್ಟುವುದು ಸುತ್ತು ಬಳಸಿ. ದೊಡ್ಡ ದಾರಿ ಡಾಲರು. ಹೊರಗಿನ ಕಟ್ಟಿಗೆಗೆ ವ್ಯಾಪಾರಿ ಡಾಲರಿನಲ್ಲಿ ಹಣ ಕೊಡುತ್ತಾನೆ. 2025ರ ಆರಂಭಕ್ಕೆ ಡಾಲರಿಗೆ 86 ರೂಪಾಯಿಯ ಆಸುಪಾಸು ಇತ್ತು, ಡಿಸೆಂಬರಿನಲ್ಲಿ 90 ದಾಟಿತು. ಅಂದರೆ ಅಲ್ಲಿ ಬೆಲೆ ಒಂದಿಷ್ಟೂ ಏರದಿದ್ದರೂ ಇಲ್ಲಿ ಸುಮಾರು 5% ಏರಿದ ಹಾಗೆ. ಇನ್ನೊಂದು ದಾರಿ ನಮಗೆ ಅನುಕೂಲವೂ ಆಗಬಹುದು. ಅಮೆರಿಕದಲ್ಲಿ ಮಾರಲಾಗದ ಮಾಲು ಬೇರೆ ಕಡೆ ಗಿರಾಕಿ ಹುಡುಕುತ್ತದೆ. ಪೈನ್ ಥರದ ಕಟ್ಟಿಗೆಗೆ ಇದು ಅನ್ವಯಿಸಬಹುದು, ಸಾಗವಾನಿಗೆ ಅಲ್ಲ.

ನಮ್ಮ ದೇಶದ್ದೇ ನಿರ್ಧಾರಗಳು ಇದಕ್ಕಿಂತ ಹತ್ತಿರದಿಂದ ತಟ್ಟುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18%ಕ್ಕೆ ಇಳಿಯಿತು. ಏಪ್ರಿಲ್ 21ರಿಂದ ಹೊರಗಿನ ಚಪ್ಪಟೆ ಉಕ್ಕಿಗೆ ಕೇಂದ್ರ ಸರ್ಕಾರ 12% ರಕ್ಷಣಾ ಸುಂಕ, ಅಂದರೆ ಇಲ್ಲಿನ ಕಾರ್ಖಾನೆಗಳನ್ನು ಕಾಯುವ ಸುಂಕ, ಹಾಕಿತು. ಚಪ್ಪಟೆ ಉಕ್ಕು ಅಂದರೆ ಶೀಟು, ಪ್ಲೇಟು, ಕಾಯಿಲ್. ಸ್ಲ್ಯಾಬಿಗೆ ಹಾಕುವ ಟಿಎಂಟಿ ರಾಡು ಇದರಲ್ಲಿ ಬರುವುದಿಲ್ಲ. ಮೇಲ್ಛಾವಣಿಗೆ ತಗಡು ಹಾಕುವವರು, ಸ್ಟೀಲ್ ಬಾಗಿಲು ನೋಡುತ್ತಿರುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಒಟ್ಟು ಎಷ್ಟು ದುಡ್ಡಿನ ಮಾತು?

ಲೆಕ್ಕ ಹಾಕಿಯೇ ಬಿಡೋಣ. ಎರಡು ಬೆಡ್‌ರೂಮಿನ, ಸುಮಾರು 1,000 ಚದರ ಅಡಿಯ ಮನೆ ಅಂತಿಟ್ಟುಕೊಳ್ಳಿ.

ತಲಬಾಗಿಲ ಚೌಕಟ್ಟು 7 ಅಡಿ ಎತ್ತರ, ಮೂರೂವರೆ ಅಡಿ ಅಗಲ, ಹೊಸ್ತಿಲು ಸೇರಿ ಒಟ್ಟು 21 ಅಡಿ ಉದ್ದದ ಕಟ್ಟಿಗೆ. ದಪ್ಪ 5×3 ಇಂಚು. 15 ಚದರ ಇಂಚನ್ನು 144ರಿಂದ ಭಾಗಿಸಿ 21ರಿಂದ ಗುಣಿಸಿದರೆ ಸುಮಾರು 2.2 ಘನ ಅಡಿ. ಒಳಗಿನ ಬಾಗಿಲಿಗೆ 4×2.5 ಇಂಚಿನದು, ಹೊಸ್ತಿಲಿಲ್ಲದೆ 17 ಅಡಿ, ಅಂದರೆ 1.2 ಘನ ಅಡಿ. ಅಂಥವು ನಾಲ್ಕು. ನಾಲ್ಕಡಿ ಚೌಕದ ಮೂರು ಬಾಗಿಲಿನ ಕಿಟಕಿಗೆ ಮಧ್ಯದ ಕಂಬ ಸೇರಿ 1.7 ಘನ ಅಡಿ. ಅಂಥವು ಐದು. ಇವೆಲ್ಲ ಕೂಡಿದರೆ ಚೌಕಟ್ಟಿಗೇ 15ರ ಮೇಲೆ. ತಲಬಾಗಿಲ ಕದ, ಕಿಟಕಿಯ ಬಾಗಿಲು, ಕೊಯ್ದು ಹೋಗುವ ಚೂರು ಎಲ್ಲ ಸೇರಿಸಿದರೆ ಸುಮಾರು 25 ಘನ ಅಡಿ.

ಘನ ಅಡಿಗೆ 500 ರೂಪಾಯಿ ಏರಿತು ಅನ್ನಿ. ಅಂಗಡಿಯಲ್ಲಿ ನಿಂತಾಗ ಇದು ದೊಡ್ಡ ಏರಿಕೆ ಅನಿಸುತ್ತದೆ. ಇಡೀ ಮನೆಗೆ ಆಗುವ ಹೊರೆ 12,500 ರೂಪಾಯಿ.

ಈಗ ಸಿಮೆಂಟು ನೋಡಿ. ಇಂಥ ಮನೆಗೆ ಸುಮಾರು 400 ಚೀಲ ಬೇಕು. 28% ತೆರಿಗೆ ಸೇರಿ 400 ರೂಪಾಯಿ ಇದ್ದ ಚೀಲ, ಮೂಲ ಬೆಲೆ ಅಷ್ಟೇ ಇದ್ದರೆ, 18%ರಲ್ಲಿ 369 ಆಗುತ್ತದೆ. 400 ಚೀಲಕ್ಕೆ 12,400 ರೂಪಾಯಿ ಉಳಿತಾಯ. ಕಟ್ಟಿಗೆಯ ಏರಿಕೆ ಅಲ್ಲಿಗೆ ಬಹುತೇಕ ಮುಚ್ಚಿಹೋಯಿತು. ಇನ್ನು ರಾಡು. ಸುಮಾರು 4 ಟನ್ ಹಿಡಿಯುತ್ತದೆ. ಕೆಜಿಗೆ 5 ರೂಪಾಯಿ ಹೆಚ್ಚುಕಡಿಮೆಯಾದರೆ 20,000. ಅಂದಮೇಲೆ ಕಟ್ಟಿಗೆ ಅಂಗಡಿಯಲ್ಲಿ ಅರ್ಧ ದಿನ ಚೌಕಾಶಿ ಮಾಡಿ, ರಾಡನ್ನು ಗುತ್ತಿಗೆದಾರ ಹೇಳಿದ ಬೆಲೆಗೆ ಒಪ್ಪಿಕೊಳ್ಳುವುದು ಸರಿಯಲ್ಲ, ಅಲ್ವಾ?

ದಾಂಡೇಲಿ, ಹಳಿಯಾಳದ ಸಾಗವಾನಿ

ನಮ್ಮ ಕಡೆ ಇದರ ಮೇಲೆ ಇರುವ ನಂಬಿಕೆಗೆ ಕಾರಣ ಇದೆ. ಚೆನ್ನಾಗಿ ಬಲಿತ ಮರದ ಕೆಚ್ಚು, ಅಂದರೆ ಒಳಗಿನ ಗಟ್ಟಿ ಭಾಗ, ಗೆದ್ದಲಿಗೆ ಜಗ್ಗುವುದಿಲ್ಲ, ನೀರಿಗೆ ಉಬ್ಬುವುದು ಕಡಿಮೆ, ಕೊರೆಯಲು ಒದಗುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ಸಾಗವಾನಿಯೇ ಆಗಬೇಕು ಅನ್ನುವುದೂ ಇದಕ್ಕೇ. ಇನ್ನೊಂದು ದೊಡ್ಡ ಗುಣ, ಇದಕ್ಕೆ ಹಡಗು ಬೇಡ, ಡಾಲರು ಬೇಡ. ಹಾಗಂತ ಬೆಲೆ ಅಲುಗುವುದೇ ಇಲ್ಲ ಅಂತಲ್ಲ. ಹೊರಗಿನ ಸಾಗವಾನಿ ಏರಿದರೆ ಜನ ಇದರ ಕಡೆ ತಿರುಗುತ್ತಾರೆ, ಇದೂ ಹಿಂದೆಯೇ ಏರುತ್ತದೆ.

ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಿನಲ್ಲಿ ತಗೊಂಡರೆ ಅಗ್ಗ ಅನ್ನುವ ಮಾತು ಬಹಳ ಕೇಳುತ್ತೇವೆ. ಇಲ್ಲಿ ಲೆಕ್ಕ ಹುಷಾರಾಗಿ ಹಾಕಬೇಕು. ದಿಮ್ಮಿಯನ್ನು ಅಳೆಯುವ ಪದ್ಧತಿಯೇ ಬೇರೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಹೀಗೆ 10 ಘನ ಅಡಿ ಆಗುತ್ತದೆ. ಅದನ್ನು ಕೊಯ್ಯಿಸಿದಾಗ ತೊಗಟೆ, ಹೊರಗಿನ ಬಿಳಿ ಭಾಗ, ಗರಗಸದ ಪುಡಿ, ಸೀಳು ಎಲ್ಲ ಹೋಗಿ ಚೌಕಟ್ಟಿಗೆ ಒದಗುವುದು ಸುಮಾರು ಅರ್ಧವೇ ಆಗಬಹುದು. ಮೇಲೆ ಸಾ ಮಿಲ್ಲಿನ ಕೂಲಿ, ಲಾರಿ ಬಾಡಿಗೆ, ತೆರಿಗೆ. ಹಾಗಾಗಿ ದಿಮ್ಮಿಯ ಘನ ಅಡಿ ಬೆಲೆಯನ್ನು ಅಂಗಡಿಯ ಕೊಯ್ದ ಕಟ್ಟಿಗೆಯ ಬೆಲೆಯ ಪಕ್ಕ ಇಟ್ಟು ನೋಡಲೇಬೇಡಿ. ಡಿಪೋದವರು ಘನ ಮೀಟರಿನಲ್ಲಿ ಹೇಳಿದರೆ, ಒಂದು ಘನ ಮೀಟರಿಗೆ 35.3 ಘನ ಅಡಿ. ಅಣ್ಣ-ತಮ್ಮಂದಿರು, ಬೀಗರು ಸೇರಿ ಎರಡು ಮೂರು ಮನೆಗೆ ಒಟ್ಟಿಗೆ ತರುವುದಾದರೆ ಡಿಪೋ ದಾರಿ ಒಳ್ಳೆಯದು. ಒಂದು ಮನೆಯ 25 ಘನ ಅಡಿಗೆ ಅಷ್ಟು ಓಡಾಟ ಬೇಡ.

ಹೊಲದ ಬದುವಿನಲ್ಲಿ ಸ್ವಂತ ಸಾಗವಾನಿ ಇರುವವರು ಅದನ್ನೇ ಬಳಸಬಹುದಾ? ಬಳಸಬಹುದು. ಆದರೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪಾಸು ಬೇಕು. ನನ್ನದೇ ಹೊಲ, ನನ್ನದೇ ಮರ ಅನ್ನುವ ಮಾತು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ. ಎಳೆಯ ಮರವಾದರೆ ಕೆಚ್ಚು ಕಡಿಮೆ, ಬಿಳಿಯೇ ಜಾಸ್ತಿ. ಆ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಹೆಸರು ಸಾಗವಾನಿ ಅಂತ ಇದ್ದರೂ ಅಷ್ಟೇ.

ಹೊರದೇಶದ ಸಾಗವಾನಿ

2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತು ನಿಲ್ಲಿಸಿತು. ಹಾಗಾಗಿ ಇವತ್ತು ಯಾರಾದರೂ ಬರ್ಮಾ ಸಾಗವಾನಿ ಅಂತ ಸಲೀಸಾಗಿ ಕೊಟ್ಟರೆ ಬಿಲ್ಲಿನಲ್ಲಿ ಅದನ್ನೇ ಬರೆದುಕೊಡಿ ಅಂತ ಕೇಳಿ. ಈಗ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಘಾನಾ, ಬೆನಿನ್, ತಾಂಜಾನಿಯಾದಂಥ ಆಫ್ರಿಕಾದ ದೇಶಗಳದ್ದು, ಇಲ್ಲವೇ ಎಕ್ವಡಾರ್, ಕೋಸ್ಟರಿಕಾ, ಬ್ರೆಜಿಲ್ ಕಡೆಯದ್ದು. ಬಹುಪಾಲು ತೋಟದಲ್ಲಿ ಬೆಳೆಸಿದ ಮರ.

ಇದು ಕೆಟ್ಟ ಮಾಲು ಅಂತ ತಳ್ಳಿಹಾಕುವುದು ಸರಿಯಲ್ಲ. ಒಂದೇ ರಾಶಿಯಲ್ಲಿ ಒಳ್ಳೆಯದೂ ಇರುತ್ತದೆ, ಜಾಳೂ ಇರುತ್ತದೆ. ನೀವೇ ಹೋಗಿ ಆರಿಸಬೇಕು, ಅಷ್ಟೇ. ತುಂಡಿನ ಕೊನೆ ನೋಡಿ. ಉಂಗುರಗಳು ಒತ್ತಾಗಿದ್ದರೆ ನಿಧಾನಕ್ಕೆ ಬೆಳೆದ ಮರ. ಬಣ್ಣ ನಾಲ್ಕೂ ಮಗ್ಗುಲಲ್ಲಿ ಒಂದೇ ಥರ ಕಂದಾಗಿದ್ದರೆ ಕೆಚ್ಚು, ಒಂದು ಅಂಚಿಗೆ ಬಿಳಿ ಪಟ್ಟಿ ಕಂಡರೆ ಆ ತುಂಡು ಪಕ್ಕಕ್ಕಿಡಿಸಿ. ಬಣ್ಣ ಹಚ್ಚಿದ ಅನುಮಾನ ಬಂದರೆ ಉಗುರಿನಷ್ಟು ಜಾಗ ಚಾಕುವಿನಿಂದ ಕೆರೆದು ನೋಡಿ. ಒಳಗೂ ಅದೇ ಬಣ್ಣ ಇರಬೇಕು. ಹೊಸದಾಗಿ ಕೊಯ್ದ ಸಾಗವಾನಿಗೆ ಎಣ್ಣೆ, ಚರ್ಮ ಎರಡೂ ಸೇರಿದ ಥರದ ವಾಸನೆ ಇರುತ್ತದೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ದುಡ್ಡು ಉಳಿಸುವ ಒಂದು ದಾರಿ ಇಲ್ಲಿದೆ. ಉದ್ದ ಜಾಸ್ತಿಯಾದಷ್ಟೂ ಘನ ಅಡಿ ಬೆಲೆ ಜಾಸ್ತಿ. ತಲಬಾಗಿಲಿಗೆ 7 ಅಡಿಯ ಮೇಲಿನದು ಬೇಕೇ ಬೇಕು. ಕಿಟಕಿಗೆ 4 ಅಡಿ ಸಾಕು. ಹಾಗಾಗಿ ಕಿಟಕಿಯ ಮಾಲನ್ನು ಬೇರೆಯಾಗಿ, ಗಿಡ್ಡ ತುಂಡುಗಳಲ್ಲಿ ಕೇಳಿ. ಎಲ್ಲವನ್ನೂ ಒಂದೇ ರೇಟಿನಲ್ಲಿ ಹಚ್ಚಿಸಿಕೊಂಡರೆ ನಷ್ಟ ನಿಮ್ಮದು.

ಅಳತೆಯ ವಿಷಯವೂ ಇದೆ. 5×3 ಅಂತ ಹೇಳಿ ರಂದಾ ಹೊಡೆದ ಮೇಲೆ 4¾×2¾ ಕೈಗೆ ಬಂದರೆ 15 ಚದರ ಇಂಚಿನ ಬದಲು 13 ಸಿಕ್ಕಿತು. ನೂರಕ್ಕೆ 13 ಭಾಗ ಹೋಯಿತು. ಒಬ್ಬ ವ್ಯಾಪಾರಿ ಕೊಯ್ದ ಅಳತೆಗೆ ರೇಟು ಹೇಳುತ್ತಾನೆ, ಇನ್ನೊಬ್ಬ ನಯ ಮಾಡಿದ ಅಳತೆಗೆ. ಕೇಳದೆ ಹೋಲಿಸಿದರೆ ಎರಡನೆಯವನೇ ದುಬಾರಿ ಅನಿಸುತ್ತಾನೆ. ಸುಂಕದ ಸುದ್ದಿಯಿಂದ ಆಗುವ 5%ಕ್ಕಿಂತ ಇದು ಎಷ್ಟು ಹೆಚ್ಚು ಅಂತ ನೋಡಿ.

ಮತ್ತಿ, ಹೊನ್ನೆ, ನಂದಿ, ಮಲೇಷಿಯಾದ ಕಟ್ಟಿಗೆ

ಬಜೆಟ್ ಬಿಗಿಯಾಗಿರುವವರಿಗೆ ನಾನು ಮೊದಲು ಹೇಳುವುದು ಹೊನ್ನೆ. ಗಟ್ಟಿ, ಬಾಳಿಕೆ ಚೆನ್ನಾಗಿದೆ, ಕೆಚ್ಚಿಗೆ ಗೆದ್ದಲು ಸುಲಭವಾಗಿ ಹಿಡಿಯುವುದಿಲ್ಲ. ಒಂದೇ ತೊಂದರೆ, ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆಗೆ ಕಲೆ ಬೀಳುತ್ತದೆ. ಒಳಗಿನ ಬಾಗಿಲಿಗೆ ಹಾಕಿ, ನಿಲ್ಲಿಸುವ ಮೊದಲೇ ಪ್ರೈಮರ್ ಹೊಡೆಸಿ.

ಮತ್ತಿ ಬಲವಾದ, ಭಾರವಾದ ಕಟ್ಟಿಗೆ. ಆದರೆ ಒಣಗುವಾಗ ಸೀಳುತ್ತದೆ. ಹಸಿಯಾಗಿ ತಂದು ನಿಲ್ಲಿಸಿದ ಮತ್ತಿ ಚೌಕಟ್ಟು ಗದಗಿನ ಮೊದಲ ಬೇಸಿಗೆಯಲ್ಲೇ ಬಾಯಿ ಬಿಡುತ್ತದೆ. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುವ ತಾಳ್ಮೆ ಇದ್ದರೆ ಒಳ್ಳೆಯ ಆಯ್ಕೆ. ನಂದಿ ಮಲೆನಾಡಿನ ಮನೆಗಳಲ್ಲಿ ಹಳೆಯ ಕಾಲದಿಂದಲೂ ಇದೆ, ಶಿರಸಿ-ಯಲ್ಲಾಪುರದ ಕಡೆ ಪರಿಚಯ ಇದ್ದವರು ವಿಚಾರಿಸಿ. ಹಳ್ಳಿಗಳಲ್ಲಿ ಬೇವಿನ ಚೌಕಟ್ಟೂ ನಡೆಯುತ್ತದೆ. ಹುಳು ಕಡಿಮೆ, ಆದರೆ ಸೊಟ್ಟಗಾಗುವ ಗುಣ ಇದೆ.

ಮಲೇಷಿಯನ್ ಸಾಲ್ ಅಂತ ಮಾರುವುದು ಬೇರೆ ಬೇರೆ ಜಾತಿಯ ಗಟ್ಟಿ ಕಟ್ಟಿಗೆ. ಉದ್ದ ತುಂಡು, ನೇರವಾದ ಮೈ, ಬೆಲೆ ಸಾಗವಾನಿಗಿಂತ ಬಹಳ ಕಡಿಮೆ. ಹೆಸರಿನ ಮೇಲೆ ಹೋಗದೆ ತೂಕ ನೋಡಿ. ಕೈಗೆ ಹಗುರ ಅನಿಸಿದ್ದನ್ನು ಹೊರಗಿನ ಗೋಡೆಗೆ ಹಾಕಬೇಡಿ. ಇದರ ಬೆಲೆ ಪೂರ್ತಿ ಡಾಲರಿನ ಕೈಯಲ್ಲಿದೆ. ಪೈನ್ ಮಾತ್ರ ಚೌಕಟ್ಟಿಗೆ ಬೇಡವೇ ಬೇಡ. ಒಳಗಿನ ಕಪಾಟು, ಮಂಚಕ್ಕೆ ಇರಲಿ.

ಕಲ್ಲು ಮತ್ತು ಸಿಮೆಂಟಿನ ಚೌಕಟ್ಟು

ಇಳಕಲ್ ಹತ್ತಿರದಲ್ಲೇ ಇರುವ ನಮಗೆ ಗ್ರಾನೈಟ್ ಚೌಕಟ್ಟು ಹೊಸದಲ್ಲ. ಬಚ್ಚಲು, ಪಾಯಖಾನೆ, ಹಿತ್ತಲ ಬಾಗಿಲಿಗೆ ಇದನ್ನು ಮೀರಿಸುವುದು ನನಗೆ ಗೊತ್ತಿರುವಂತೆ ಯಾವುದೂ ಇಲ್ಲ. ನೀರಿಲ್ಲ, ಗೆದ್ದಲಿಲ್ಲ, ಬಣ್ಣ ಹಚ್ಚುವ ಖರ್ಚಿಲ್ಲ. ಡಾಲರಿನ ಹಂಗೂ ಇಲ್ಲ. ಅದರಲ್ಲೂ ಅಮೆರಿಕಕ್ಕೆ ಹೋಗುವ ಗ್ರಾನೈಟಿಗೆ ಅಡ್ಡಿಯಾದಾಗ ಇಲ್ಲಿ ಮಾಲು ಸಿಗುವುದು ಸುಲಭವಾಗಬಹುದು.

ತೊಂದರೆ ಕೀಲಿನದು. ಕಲ್ಲಿಗೆ ತೂತು ಕೊರೆದು ಕೂರಿಸಿದ ಹಿಂಜ್ ಸಡಿಲವಾದರೆ ಮತ್ತೆ ಅದೇ ಜಾಗದಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಭಾರದ ಕದಕ್ಕೆ ಬೇಡ. ಎರೆ ನೆಲದಲ್ಲಿ ತಲಬಾಗಿಲಿಗೂ ಬೇಡ. ಬಚ್ಚಲಿಗೆ ಪಿವಿಸಿಯ ಹಗುರ ಬಾಗಿಲು ಹಾಕಿದರೆ ಸರಿಹೋಗುತ್ತದೆ. ಸಿಮೆಂಟಿನ ಚೌಕಟ್ಟು ಎಲ್ಲಕ್ಕಿಂತ ಅಗ್ಗ. ದನದ ಕೊಟ್ಟಿಗೆ, ಬಾಡಿಗೆ ಮನೆ, ಉಗ್ರಾಣಕ್ಕೆ ಸಾಕು.

ಯುಪಿವಿಸಿ, ಅಲ್ಯೂಮಿನಿಯಂ, ಸ್ಟೀಲು

ಧಾರವಾಡದ ಪಡುವಣ ಗೋಡೆಯ ಕಿಟಕಿಗೆ ಯುಪಿವಿಸಿ ಒಳ್ಳೆಯದು. ಮಳೆನೀರು ಒಳಗೆ ಬರುವುದಿಲ್ಲ, ಸದ್ದು ಕಡಿಮೆ. ಆದರೆ ಬೆಲೆಯ ದೃಷ್ಟಿಯಿಂದ ಇದು ಸ್ವದೇಶಿ ಮಾಲು ಅಂತ ತಿಳಿಯಬೇಡಿ. ಕಾರ್ಖಾನೆ ಇಲ್ಲೇ ಇದ್ದರೂ ನಮ್ಮ ದೇಶಕ್ಕೆ ಬೇಕಾದ ಪಿವಿಸಿ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಸುಂಕದ ಹೆದರಿಕೆಗೆ ಕಟ್ಟಿಗೆ ಬಿಟ್ಟು ಯುಪಿವಿಸಿಗೆ ಹೋದವರು ಅದೇ ಹೆದರಿಕೆಯೊಳಗೇ ಇದ್ದಾರೆ. ಕಟ್ಟಿಗೆ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡುವ ಡಬ್ಲ್ಯುಪಿಸಿ ಚೌಕಟ್ಟಿನದೂ ಇದೇ ಕಥೆ, ಅದರಲ್ಲೂ ಪಿವಿಸಿಯೇ ಮುಖ್ಯ.

ಅಲ್ಯೂಮಿನಿಯಂ ನಮ್ಮ ದೇಶದಲ್ಲೇ ಬೇಕಾದಷ್ಟು ತಯಾರಾಗುತ್ತದೆ. ಆದರೂ ಇಲ್ಲಿನ ಬೆಲೆ ಲಂಡನ್ನಿನ ಲೋಹ ಮಾರುಕಟ್ಟೆಯ ಬೆಲೆಯನ್ನೇ ಹಿಡಿದು ನಡೆಯುತ್ತದೆ. ಕಿಟಕಿ ಮಾಡಿಸುವಾಗ ಸೆಕ್ಷನ್ನಿನ ದಪ್ಪ ಮತ್ತು ತೂಕ ಬರೆಸಿಕೊಳ್ಳಿ. ಚದರ ಅಡಿ ಲೆಕ್ಕದಲ್ಲಿ ರೇಟು ಹೇಳಿ ತೆಳು ಸೆಕ್ಷನ್ ಕೊಡುವುದು ಇಲ್ಲಿ ಸಾಮಾನ್ಯ. ಸ್ಟೀಲ್ ಬಾಗಿಲು ಕಳ್ಳರ ಭಯ ಇರುವವರಿಗೆ, ಊರ ಹೊರಗಿನ ಬಡಾವಣೆಯವರಿಗೆ ಸರಿ. ಬಿಸಿಲಿಗೆ ಮುಖ ಮಾಡಿದ ಬಾಗಿಲು ಕಾದು ಬಿಸಿಯಾಗುತ್ತದೆ ಅನ್ನುವುದು ನೆನಪಿರಲಿ.

ಯಾವುದನ್ನು ಮೊದಲೇ ಕೊಂಡಿಡಬಹುದು

ರೇಟು ಏರುತ್ತದೆ ಅಂತ ಹೆದರಿ ಎಲ್ಲವನ್ನೂ ತಂದು ಸುರಿಯುವವರಿದ್ದಾರೆ. ಸಿಮೆಂಟನ್ನು ಹಾಗೆ ಮಾಡಬೇಡಿ. ಮೂರು ತಿಂಗಳು ಇಟ್ಟ ಸಿಮೆಂಟು ಸುಮಾರು 20% ಬಲ ಕಳೆದುಕೊಳ್ಳುತ್ತದೆ. ರಾಡು ಆಯಾ ಸ್ಲ್ಯಾಬಿಗೆ ಬೇಕಾದಷ್ಟೇ ತನ್ನಿ, ಮಳೆಗಾಲದಲ್ಲಿ ಬಯಲಲ್ಲಿ ಬಿದ್ದರೆ ತುಕ್ಕು. ಯುಪಿವಿಸಿ ಮೊದಲೇ ಮಾಡಿಸಲು ಬರುವುದಿಲ್ಲ, ಗಿಲಾಯಿ ಮುಗಿದ ಮೇಲೆ ಅಳತೆ ತಗೊಳ್ಳಬೇಕು.

ಮೊದಲೇ ಕೊಂಡರೆ ಲಾಭ ಆಗುವುದು ಕಟ್ಟಿಗೆ ಒಂದೇ. ಪಾಯಾ ಶುರುವಾದಾಗಲೇ ತಂದಿಟ್ಟರೆ ರೇಟೂ ಗಟ್ಟಿ, ಕಟ್ಟಿಗೆಯೂ ಒಣಗುತ್ತದೆ. ನೆಲಕ್ಕೆ ತಾಗದ ಹಾಗೆ ಇಟ್ಟಿಗೆ ಮೇಲೆ ಇಡಿ. ಪ್ರತಿ ಪದರದ ನಡುವೆ ಒಂದಿಂಚಿನ ಪಟ್ಟಿ ಅಡ್ಡ ಹಾಕಿ, ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿಗೆ ಬರಲಿ. ಕೊನೆಗಳಿಗೆ ಬಣ್ಣ ಬಳಿದರೆ ಸೀಳು ಕಡಿಮೆ. ಮೇಲೆ ತಗಡು ಇರಲಿ, ಪಕ್ಕದಿಂದ ಗಾಳಿ ಆಡಲಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಮುಚ್ಚಿದರೆ ಬೂಸು ಹಿಡಿಯುತ್ತದೆ. ತೇವ ಅಳೆಯುವ ಮೀಟರು ಒಳ್ಳೆಯ ಬಡಿಗೇರರ ಹತ್ತಿರ ಇರುತ್ತದೆ. 12ರಿಂದ 14% ಬಂದಾಗ ಕೆಲಸ ಶುರು ಮಾಡಿ.

ಪ್ಲೈವುಡ್, ಫ್ಲಶ್ ಡೋರು (ಎರಡೂ ಮೈ ಸಪಾಟಾದ ರೆಡಿಮೇಡ್ ಕದ) ಕೊನೆಯ ಹಂತದ್ದು, ಅವಸರ ಬೇಡ. ಐಎಸ್‌ಐ ಗುರುತು ಇರಲಿ. ಒಳಗಿನ ಬಾಗಿಲಿಗೆ ಐಎಸ್ 2202 ಅಂತ ನಂಬರಿರುವ ಫ್ಲಶ್ ಡೋರು, ನೀರು ತಾಗುವ ಅಡುಗೆಮನೆಯ ಕಪಾಟಿಗೆ ಐಎಸ್ 710 ಪ್ಲೈವುಡ್.

ಯಾರಿಗೆ ಯಾವುದು

ಬಜೆಟ್ ಬಿಗಿ ಇದ್ದರೆ ತಲಬಾಗಿಲ ಚೌಕಟ್ಟು ಮಾತ್ರ ಸಾಗವಾನಿ ಮಾಡಿ. ಲೆಕ್ಕ ನೋಡಿದಿರಲ್ಲ, ಅದಕ್ಕೆ ಬೇಕಾದ್ದು 2.2 ಘನ ಅಡಿ. ಮನೆಯ ಹಿರಿಯರ ಮನಸ್ಸೂ ನಿಲ್ಲುತ್ತದೆ, ಚೌಕಟ್ಟು ಪೂಜೆಯೂ ಸಮಾಧಾನದಿಂದ ಆಗುತ್ತದೆ. ಒಳಗಿನ ಬಾಗಿಲಿಗೆ ಹೊನ್ನೆ ಅಥವಾ ತೂಕದ ಮಲೇಷಿಯನ್, ಬಚ್ಚಲಿಗೆ ಗ್ರಾನೈಟು, ಕಿಟಕಿಗೆ ಅಲ್ಯೂಮಿನಿಯಂ.

ಸ್ವಲ್ಪ ಕೈಬಿಚ್ಚಿ ಖರ್ಚು ಮಾಡುವವರು, ಇದೇ ಮನೆಯಲ್ಲಿ ಮಕ್ಕಳ ಕಾಲದವರೆಗೂ ಇರುವವರು, ತಲಬಾಗಿಲ ಚೌಕಟ್ಟು, ಕದ ಎರಡಕ್ಕೂ ದಾಂಡೇಲಿ ಸಾಗವಾನಿ ಹಾಕಿ. ಒಳಗೆ ಆರಿಸಿ ತಂದ ಆಫ್ರಿಕಾದ ಸಾಗವಾನಿ. ಪಡುವಣ ಕಿಟಕಿಗಳಿಗೆ ಯುಪಿವಿಸಿ, ಉಳಿದ ದಿಕ್ಕಿಗೆ ಕಟ್ಟಿಗೆ. ಗದಗ, ನವಲಗುಂದದವರು ಪಡುವಣಕ್ಕೂ ಕಟ್ಟಿಗೆಯನ್ನೇ ಹಾಕಬಹುದು, ಮೇಲೆ ಎರಡಡಿ ಸಜ್ಜಾ ಇರಲಿ.

ಬಾಡಿಗೆಗೆ ಕಟ್ಟಿಸುವವರಿಗೆ ಸಾಗವಾನಿ ಬೇಡ. ಕಲ್ಲು, ಸಿಮೆಂಟು, ಫ್ಲಶ್ ಡೋರು ಸಾಕು.

ಪೂರ್ತಿ ಕೆಲಸ ಗುತ್ತಿಗೆ ಕೊಟ್ಟವರು ಕರಾರಿನಲ್ಲಿ "ಒಳ್ಳೆ ಕಟ್ಟಿಗೆ" ಅಂತ ಇದ್ದರೆ ಇವತ್ತೇ ತಿದ್ದಿಸಿ. ಜಾತಿಯ ಹೆಸರು, ನಯ ಮಾಡಿದ ಮೇಲಿನ ಅಳತೆ, ಜಿಎಸ್‌ಟಿ ಸೇರಿದೆಯಾ ಇಲ್ಲವಾ, ಮೂರೂ ಬರಹದಲ್ಲಿ ಇರಲಿ. ಕಟ್ಟಿಗೆಗೆ ಜಿಎಸ್‌ಟಿ 18%, ಸುಮ್ನೆ ಬಿಡುವಷ್ಟು ಸಣ್ಣ ಮೊತ್ತ ಅಲ್ಲ. ಬೆಲೆ ಏರಿದರೆ ಹೆಚ್ಚು ಕೊಡಬೇಕು ಅನ್ನುವ ಷರತ್ತು ಅವರು ಹಾಕಿದರೆ, ಇಳಿದರೆ ಕಡಿಮೆ ಮಾಡಬೇಕು ಅನ್ನುವುದನ್ನೂ ಅದೇ ಸಾಲಿನಲ್ಲಿ ಸೇರಿಸಿ. ಕಟ್ಟಿಗೆ ಸೈಟಿಗೆ ಬಂದ ದಿನ ಟೇಪು ಹಿಡಿದು ನೀವೇ ನಿಲ್ಲಿ. ಬಿಳಿ ಪಟ್ಟಿ ಇರುವ ತುಂಡನ್ನು ಲಾರಿಯಿಂದ ಇಳಿಸುವ ಮೊದಲೇ ವಾಪಸ್ ಕಳಿಸಿ, ಕೊಯ್ದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ.